ಮಾವಿನ ಹಣ್ಣಿನ ಐಸ್‌ಕ್ರೀಂ: ಹಾಲಿಗೆ ಯಾವ ಹಣ್ಣು ಹೊಂದುತ್ತದೆ?

ಬೇಸಿಗೆ ರಜೆ ಆರಂಭವಾದೊಡನೆ ನಮ್ಮ ಚಿಕಿತ್ಸಾಲಯಕ್ಕೆ ಬರುವ ತಾಯಂದಿರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಹಾಲು-ಹಣ್ಣು ಕೂಡಿಸಬಾರದು ಅಂತೀರಿ ಡಾಕ್ಟ್ರೇ, ಹುಡುಗರು ಐಸ್‌ಕ್ರೀಂ ಬಿಡೂದಿಲ್ಲ. ಮನ್ಯಾಗ ಮಾಡಿ ಕೊಟ್ರ ನಡೀತದೇನ್ರಿ?” ನಡೆಯುತ್ತದೆ, ಹಣ್ಣಿನ ಆಯ್ಕೆ ಸರಿಯಾಗಿದ್ದರೆ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವಿರುದ್ಧಾಹಾರವನ್ನು ಹೇಳುವಾಗ ಹುಳಿಯಾದ ಯಾವುದೇ ಹಣ್ಣನ್ನು ಹಾಲಿನೊಡನೆ ಸೇವಿಸಲಾಗದೆಂದು ನಿಷೇಧಿಸಲಾಗಿದೆ. ನೇರಳೆ, ದಾಳಿಂಬೆ, ಹಲಸು, ಬಾಳೆ ಆ ಪಟ್ಟಿಯಲ್ಲಿವೆ. ಮಾವಿನ ಹೆಸರೂ ಇದೆ. ಆದರೆ ಭಾವಪ್ರಕಾಶವು ಹಾಲಿನೊಡನೆ ಸೇವಿಸುವ ಮಾಗಿದ ಮಾವನ್ನು ಬಲಕರವೆಂದೂ ವಾತಪಿತ್ತಹರವೆಂದೂ ಹೊಗಳಿ, ಜೀರ್ಣಕ್ಕೆ ಗುರುವೆಂಬ ಎಚ್ಚರಿಕೆಯನ್ನೂ ಸೇರಿಸುತ್ತದೆ. ನಮ್ಮ ಉತ್ತರ ಕರ್ನಾಟಕದ ಸೀಕರಣೆ ಇದೇ ಅಲ್ಲವೇ? ಹುಳಿಯ ಸುಳಿವೂ ಇಲ್ಲದಂತೆ ಮಾಗಿದ ಹಣ್ಣಾಗಿರಬೇಕು, ಅಷ್ಟೇ. ಚಿಕ್ಕು, ಸೀತಾಫಲಗಳು ಅಮೆರಿಕ ಖಂಡದಿಂದ ಬಂದವು; ಚರಕರ ಪಟ್ಟಿಯಲ್ಲಿ ಅವನ್ನು ಹುಡುಕಿ ಫಲವಿಲ್ಲ. ರಸವನ್ನು ನೋಡಿ ನಿರ್ಣಯಿಸಬೇಕು. ಎರಡೂ ಮಧುರ, ಆದ್ದರಿಂದ ಆಯಾ ಋತುವಿನಲ್ಲಿ ಹಾಲಿಗೆ ಬೆರೆಸಲು ನಮ್ಮ ಅಭ್ಯಂತರವಿಲ್ಲ. ಅನಾನಸು ಸರ್ವಥಾ ಬೇಡ. ಅದರ ಹಸಿ ರಸ ಬಿದ್ದ ಹಾಲು ಒಡೆದು ಕಹಿಯಾಗುತ್ತದೆ. ಅದನ್ನೂ ದ್ರಾಕ್ಷಿಯನ್ನೂ ಹಾಲಿಲ್ಲದೆ, ರಸಕ್ಕೆ ಸ್ವಲ್ಪ ಸಕ್ಕರೆ ಬೆರೆಸಿ ಅಚ್ಚಿನಲ್ಲಿ ಹೆಪ್ಪುಗಟ್ಟಿಸಿ ಕೊಡಿರಿ.

ಒಂದು ಲೀಟರ್ ಗಟ್ಟಿ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಟ್ಟು, ಕೆನೆಯನ್ನು ಮತ್ತೆ ಮತ್ತೆ ಅದರಲ್ಲಿಯೇ ಕದಡುತ್ತ ಅರ್ಧಕ್ಕಿಳಿಸಬೇಕು. 100 ಗ್ರಾಂ ಸಕ್ಕರೆ, ಚಿಟಿಕೆ ಏಲಕ್ಕಿ ಸಾಕು. ಪೂರ್ಣ ತಣಿದ ಮೇಲೆಯೇ ಎರಡು ಬಾದಾಮಿ ಮಾವಿನ ತಿರುಳನ್ನು ನುಣ್ಣಗೆ ಅರೆದು ಸೇರಿಸಬೇಕು. ಬಿಸಿ ಹಾಲಿಗೆ ಹಾಕಿದರೆ ಒಡೆಯುವ ಭಯವಿದೆ. ಫ್ರೀಜರಿನಲ್ಲಿಟ್ಟು ಗಂಟೆಗೊಮ್ಮೆಯಂತೆ ಮೂರು ಸಲ ಹೊರತೆಗೆದು ಬಲವಾಗಿ ಕದಡದಿದ್ದರೆ ನೀರಿನಂಶ ಹರಳುಗಟ್ಟಿ, ನಾಲಿಗೆಗೆ ಮರಳಿನಂತೆ ತಾಗುತ್ತದೆ. ಸಕ್ಕರೆಯನ್ನು ತೀರ ಕಡಿಮೆ ಮಾಡಿದರೂ ಐಸ್‌ಕ್ರೀಂ ಕಲ್ಲಿನಂತಾಗುತ್ತದೆ.

ಥಂಡಿಯಲ್ಲಿ ರೋಗಾಣುಗಳು ಸಾಯುತ್ತವೆಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಅವು ಸಾಯುವುದಿಲ್ಲ, ಸುಮ್ಮನೆ ಬಿದ್ದಿರುತ್ತವೆ. ಆದಕಾರಣ ಕಾಯಿಸದ ಹಾಲು, ಕೊಳೆತ ಭಾಗ ತೆಗೆದು ಉಳಿಸಿದ ಹಣ್ಣು ಇವನ್ನು ಬಳಸಬಾರದು. ಹಳ್ಳಿಗಳಲ್ಲಿ ಕರೆಂಟು ತಾಸುಗಟ್ಟಲೆ ಹೋಗಿ ಪೂರಾ ಕರಗಿ ಬೆಚ್ಚಗಾದುದನ್ನು ಮತ್ತೆ ಗಟ್ಟಿ ಮಾಡಿ ಮಕ್ಕಳಿಗೆ ಕೊಡುವುದನ್ನು ಕಂಡಿದ್ದೇವೆ. ವಾಂತಿ-ಭೇದಿಗೆ ಅಷ್ಟೇ ಸಾಕು. ಚೆಲ್ಲಲು ಮನಸ್ಸು ಬಾರದಿದ್ದರೂ ಚೆಲ್ಲಲೇಬೇಕು.

ಊಟದ ಬೆನ್ನಿಗೇ ತಿಂದರೆ ಜಠರಾಗ್ನಿ ಮಂದವಾಗುತ್ತದೆ. ಇಳಿಹೊತ್ತಿನಲ್ಲಿ, ಹಸಿವಿದ್ದಾಗ, ಸಣ್ಣ ಬಟ್ಟಲಷ್ಟು ಸಾಕು. ರಾತ್ರಿ ಬೇಡ. ನೆಗಡಿ, ಕೆಮ್ಮು, ದಮ್ಮು ಇರುವವರು ದೂರವಿರಬೇಕು. ಮಧುಮೇಹವಿರುವ ಹಿರಿಯರು “ಸಕ್ಕರೆ ಹಾಕಿಲ್ಲ” ಎಂಬ ಮಾತಿಗೆ ಮರುಳಾಗಬಾರದು. ಮಾವಿನಲ್ಲಿಯೂ ಹಾಲಿನಲ್ಲಿಯೂ ಸಕ್ಕರೆ ಇದ್ದೇ ಇದೆ.

ಅಂಗಡಿಯಿಂದಲೇ ತರುವುದಾದರೆ ಪೊಟ್ಟಣವನ್ನು ಓದಿರಿ. ‘ಫ್ರೋಜನ್ ಡೆಸರ್ಟ್’ ಎಂದಿದ್ದರೆ ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಕೊಬ್ಬು ಇರುತ್ತದೆ. ಕೆಲವು ಐಸ್‌ಕ್ರೀಂಗಳಿಗೆ ಮೊಟ್ಟೆಯನ್ನೂ ಹಾಕುತ್ತಾರೆ. ಹಸಿರು ಗುರುತು ಇದೆಯೇ ಎಂದು ನೋಡಿಯೇ ಕೊಳ್ಳಿರಿ.