ಕಟಕಟ ಸದ್ದಿಗೆಲ್ಲ ಶಾಕ್ ಅಬ್ಸಾರ್ಬರ್ ಕಾರಣವಲ್ಲ

ಹಂಪ್ ಇಳಿಯುವಾಗ ಮುಂದಿನ ಚಕ್ರದ ಕಡೆಯಿಂದ ‘ಕಟ್’ ಎಂದು ಕೇಳಿದರೆ ಸಾಕು, ಪಕ್ಕದ ಸೀಟಿನಲ್ಲಿ ಕೂತವರು ತೀರ್ಪು ಕೊಟ್ಟುಬಿಡುತ್ತಾರೆ: ‘ಶಾಕ್ ಹೋಗಿದೆ, ಜೋಡಿ ಹಾಕಿಸಿಬಿಡಿ.’ ಹೊಸ ಜೋಡಿ ಕೂರುತ್ತದೆ, ಸಾವಿರಗಟ್ಟಲೆ ರೂಪಾಯಿ ಹೋಗುತ್ತದೆ. ಮರುದಿನ ಅದೇ ಹಂಪಿನಲ್ಲಿ ಅದೇ ಸದ್ದು.

ಶಿಕಾರಿಪುರ, ಸೊರಬ ತಾಲೂಕುಗಳಲ್ಲಿ ಕೆಎ 14, ಕೆಎ 15 ನಂಬರಿನ ಹಳೆಯ ಮಾರುತಿ 800, ಓಮ್ನಿ, ಆಲ್ಟೊ, ಸ್ಯಾಂಟ್ರೊ, ಇಂಡಿಕಾಗಳು ಇನ್ನೂ ದುಡಿಯುತ್ತಿವೆ. ಮೊದಲ ಮಾರುತಿ 800 ಗಿರಾಕಿಯ ಕೈ ಸೇರಿದ್ದು 1983ರ ಡಿಸೆಂಬರಿನಲ್ಲಿ, ತಯಾರಿ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಆ ಮಾಡೆಲ್ಲಿನ ಅತಿ ಕಿರಿಯ ಕಾರಿಗೂ ಹತ್ತು ವರ್ಷ ದಾಟಿದೆ. ಬದಲಿಸದಿದ್ದರೆ ಅದರ ಅಡಿಯ ರಬ್ಬರಿಗೂ ಅಷ್ಟೇ ವಯಸ್ಸು. ಇಂಥ ಕಾರು ಡಾಂಬರು ರಸ್ತೆಯಲ್ಲಷ್ಟೇ ಓಡುವುದಿಲ್ಲ. ಶಿರಾಳಕೊಪ್ಪದ ಸಂತೆ ಮುಗಿಸಿ ತೋಟದ ಮನೆಗೆ ತಿರುಗುವಲ್ಲಿ ಜಂಬಿಟ್ಟಿಗೆ ಚೂರಿನ ಏರು ಸಿಗುತ್ತದೆ. ಆನವಟ್ಟಿ ಕಡೆಯ ಮೆಕ್ಕೆಜೋಳದ ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಚಕ್ರ ಕೊರೆದ ಜಾಡು, ಚಂದ್ರಗುತ್ತಿ ಕಡೆಗೆ ಮಳೆಗಾಲದ ಕೆಸರು. ಕಲ್ಲು ತಾಗಿ ರಬ್ಬರ್ ಬೂಟು ಹರಿಯುತ್ತದೆ, ಒಳಗಿನ ಗ್ರೀಸಿಗೆ ಕೆಂಪು ಮಣ್ಣು ಸೇರುತ್ತದೆ, ಕೀಲು ಸವೆಯುತ್ತದೆ. ಇಂಥ ಕಾರನ್ನು ನಂಬಿ ಮಕ್ಕಳನ್ನು ಶಾಲೆಗೆ, ವಯಸ್ಸಾದವರನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯುವ ಮನೆಗಳಿಗೆ ಊಹೆಯ ರಿಪೇರಿ ಎರಡು ಕಡೆಯಿಂದ ನಷ್ಟ: ದುಡ್ಡೂ ಹೋಗುತ್ತದೆ, ನಿಜವಾದ ದೋಷವೂ ಅಲ್ಲೇ ಉಳಿಯುತ್ತದೆ.

‘ಕಟಕಟ ಅಂದರೆ ಶಾಕ್ ಹೋಗಿದೆ’

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ಕೆಲಸ ಬೇರೆ. ಗುಂಡಿಗೆ ಬಿದ್ದ ಸ್ಪ್ರಿಂಗ್ ಮೇಲೆ ಕೆಳಗೆ ಕುಣಿಯುತ್ತಲೇ ಇರದಂತೆ ಅದು ಹಿಡಿದು ನಿಲ್ಲಿಸುತ್ತದೆ. ಆದ್ದರಿಂದ ಕಾರು ಒಂದು ಕಡೆ ಕುಸಿದು ನಿಂತಿದ್ದರೆ ಅದು ಹೆಚ್ಚಾಗಿ ಸ್ಪ್ರಿಂಗಿನ ದೋಷ. ಶಾಕ್ ಸತ್ತಾಗ ಕಾಣುವ ಲಕ್ಷಣಗಳು ಇವು: ಹಂಪ್ ದಾಟಿದ ಮೇಲೂ ಮೂತಿ ತೂಗುತ್ತದೆ, ಬ್ರೇಕ್ ಹಾಕಿದರೆ ಮುಂಭಾಗ ಜೋರಾಗಿ ತಗ್ಗುತ್ತದೆ, ಟೈರು ಅಲ್ಲಲ್ಲಿ ತೇಪೆಯಂತೆ ಸವೆಯುತ್ತದೆ, ಶಾಕಿನ ಮೈಮೇಲೆ ಎಣ್ಣೆ ಇಳಿದಿರುತ್ತದೆ. ತೆಳುವಾದ ಎಣ್ಣೆಯ ಪಸೆಗೆ ಹೆದರಬೇಕಿಲ್ಲ, ಒದ್ದೆಯಾಗಿ ಇಳಿಯುತ್ತಿದ್ದರೆ ಬದಲಿಸಬೇಕು. ಒಳಗೆ ತೀರಾ ಸವೆದ ಶಾಕ್ ಅಥವಾ ಮೇಲಿನ ನಟ್ಟು ಸಡಿಲಾದ ಶಾಕ್ ಸದ್ದು ಮಾಡಬಹುದು, ಇಲ್ಲವೆಂದಲ್ಲ. ಆದರೆ ಸಣ್ಣ ಗುಂಡಿಯಲ್ಲಿ, ನಿಧಾನ ಓಟದಲ್ಲಿ ಬರುವ ಒಣ ಕಟಕಟಕ್ಕೆ ಮೊದಲು ನೋಡಬೇಕಾದ ಜಾಗ ಅದಲ್ಲ.

ಸ್ವಿಫ್ಟ್‌ನಂಥ ಕಾರುಗಳಲ್ಲಿ ಮೊದಲ ಅನುಮಾನ ಲಿಂಕ್ ರಾಡಿನ ಮೇಲೆ. ಎಡ ಬಲ ಚಕ್ರಗಳ ನಡುವೆ ಅಡ್ಡಲಾಗಿ ಒಂದು ಸ್ಟೆಬಿಲೈಸರ್ ಬಾರ್ ಇರುತ್ತದೆ, ತಿರುವಿನಲ್ಲಿ ಕಾರು ವಾಲದಂತೆ ತಡೆಯಲು. ಅದರ ಎರಡು ತುದಿಗಳನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಗೇಣುದ್ದದ ಸರಳೇ ಲಿಂಕ್ ರಾಡ್. ಅದರ ತುದಿಯ ಪುಟ್ಟ ಗೋಲಿ ಸವೆದರೆ ಕಟಕಟ ಶುರು. ಶಾಕಿನ ಜೋಡಿಗೆ ಕೊಡುವ ದುಡ್ಡಿನ ಎದುರು ಇದರ ಬೆಲೆ ತೀರಾ ಕಡಿಮೆ. ಖಚಿತಪಡಿಸಿಕೊಳ್ಳಲು ಮೆಕ್ಯಾನಿಕ್‌ಗಳು ಎರಡೂ ಕಡೆಯ ಲಿಂಕ್ ರಾಡ್ ಬಿಚ್ಚಿ ಕಟ್ಟಿಟ್ಟು ಓಣಿಯಲ್ಲಿ ನಿಧಾನವಾಗಿ ಓಡಿಸಿ ನೋಡುತ್ತಾರೆ. ಸದ್ದು ಮಾಯವಾದರೆ ಕಳ್ಳ ಸಿಕ್ಕಂತೆ.

ಈ ಪರೀಕ್ಷೆಯನ್ನು ಮಾರುತಿ 800ಕ್ಕೆ ಯಾವ ಕಾರಣಕ್ಕೂ ಮಾಡಬಾರದು. ಅದರಲ್ಲಿ ಪ್ರತ್ಯೇಕ ಲಿಂಕ್ ರಾಡೇ ಇಲ್ಲ. ಸ್ಟೆಬಿಲೈಸರ್ ಬಾರಿನ ತುದಿ ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮಿನೊಳಗೆ ನೇರವಾಗಿ ರಬ್ಬರ್ ಬುಷ್ ಸಮೇತ ಕೂತಿರುತ್ತದೆ, ಚಕ್ರ ಹಿಂದೆ ಮುಂದೆ ಸರಿಯದಂತೆ ಹಿಡಿಯುವುದೂ ಅದೇ ಬಾರು. ಹಾಗಾಗಿ ಹಳೆಯ 800ರಲ್ಲಿ ಗಾಡಿ ಹೊರಡುವಾಗ ಒಮ್ಮೆ, ಬ್ರೇಕ್ ಒತ್ತಿದಾಗ ಒಮ್ಮೆ ‘ದಢ್’ ಎಂದರೆ ಮೊದಲು ಈ ಬುಷ್‌ಗಳನ್ನು ನೋಡಬೇಕು. ‘800ಕ್ಕೆ ಲಿಂಕ್ ರಾಡ್ ಹಾಕಬೇಕು’ ಎಂದು ಯಾರಾದರೂ ಹೇಳಿದರೆ ಅವರು ಕಾರಿನ ಕೆಳಗೆ ಬಗ್ಗಿ ನೋಡಿಲ್ಲ ಎಂದೇ ಅರ್ಥ.

‘ಹಂಪನ್ನು ಓರೆಯಾಗಿ ಹತ್ತಿಸಿದರೆ ಕಾರಿಗೆ ಒಳ್ಳೆಯದು’

ಹೊಟ್ಟೆ ನೆಲಕ್ಕೆ ತಾಗುವಂತಿದ್ದರೆ ಓರೆಯಾಗಿ ಹೋಗುವುದು ಸರಿ. ತಾಗದಿದ್ದರೆ ಅದರಿಂದ ಲಾಭವಿಲ್ಲ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಆದಾಗ ಸ್ಟೆಬಿಲೈಸರ್ ಬಾರು ತಿರುಚಿಕೊಳ್ಳುತ್ತದೆ, ಅದರ ಬುಷ್ ಮತ್ತು ಲಿಂಕುಗಳ ಮೇಲೆ ಪೂರ್ತಿ ಒತ್ತಡ ಬೀಳುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವಿದ್ದು ದುಂಡಗಿರಬೇಕು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವಂತಿರಬೇಕು. ಊರಿನವರೇ ಮಣ್ಣು, ಕಾಂಕ್ರೀಟು ಸುರಿದು ಕಟ್ಟಿದ ಕಡಿದಾದ ದಿಣ್ಣೆಗಳು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಅಲ್ಲಿ ಕಾರನ್ನು ಉಳಿಸುವ ದಾರಿ ಬೇರೆ: ಹಂಪಿಗೆ ಮೊದಲೇ ಬ್ರೇಕ್ ಹಾಕಿ ವೇಗ ಇಳಿಸಿ, ಚಕ್ರ ಹತ್ತುವ ಹೊತ್ತಿಗೆ ಬ್ರೇಕಿನಿಂದ ಕಾಲು ತೆಗೆದುಬಿಡುವುದು. ಬ್ರೇಕ್ ಒತ್ತಿಕೊಂಡೇ ಹತ್ತಿದರೆ ಮುಂದಿನ ಸ್ಪ್ರಿಂಗ್ ಆಗಲೇ ಕುಗ್ಗಿರುತ್ತದೆ, ಪೆಟ್ಟು ನೇರ ಮೈಗೆ ಬಡಿಯುತ್ತದೆ.

ಪತ್ತೆ ಕೆಲಸಕ್ಕೆ ಮಾತ್ರ ಓರೆ ಹಂಪ್ ಒಳ್ಳೆಯ ಉಪಕರಣ. ಒಂದೇ ಹಂಪನ್ನು ನೇರವಾಗಿ ಒಮ್ಮೆ, ಓರೆಯಾಗಿ ಒಮ್ಮೆ ದಾಟಿ. ಎರಡೂ ಚಕ್ರ ಒಟ್ಟಿಗೆ ಏರಿದಾಗ ಬಾರು ತಿರುಚುವುದಿಲ್ಲ. ನೇರ ಹೋದಾಗ ಮೌನ, ಓರೆ ಹೋದಾಗ ಕಟಕಟ ಎಂದಾದರೆ ದೋಷ ಬಾರು, ಅದರ ಬುಷ್, ಲಿಂಕ್ ರಾಡುಗಳ ಸುತ್ತಲೇ ಇದೆ.

‘ಎಡಗಡೆ ಕೇಳಿಸಿದರೆ ದೋಷವೂ ಎಡಗಡೆ’

ಕಾರಿನ ಮೈ ಇಡಿಯಾಗಿ ಬೆಸುಗೆ ಹಾಕಿದ ತಗಡು. ಬಲ ಮೂಲೆಯ ಪೆಟ್ಟು ಎಡ ಡ್ಯಾಶ್‌ಬೋರ್ಡಿನಲ್ಲಿ ಮೊಳಗಬಹುದು, ಹಿಂದಿನದು ಮುಂದೆ ಕೇಳಿಸಬಹುದು. ಆದ್ದರಿಂದ ಎಲ್ಲಿ ಎಂಬ ಪ್ರಶ್ನೆಗಿಂತ ಯಾವಾಗ ಎಂಬ ಪ್ರಶ್ನೆ ಹೆಚ್ಚು ಬೆಲೆಯದ್ದು. ಗುಂಡಿಯಲ್ಲಿ ಮಾತ್ರವೋ, ತಿರುವಿನಲ್ಲೋ, ಬ್ರೇಕ್ ಹಾಕಿದಾಗಲೋ, ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗಲೋ, ವೇಗ ಹೆಚ್ಚಿದಂತೆ ಸದ್ದಿನ ಲೆಕ್ಕವೂ ಹೆಚ್ಚುತ್ತದೆಯೋ? ಈ ಉತ್ತರಗಳಿದ್ದರೆ ಗ್ಯಾರೇಜಿನಲ್ಲಿ ಅರ್ಧ ಕೆಲಸ ಮುಗಿದ ಹಾಗೆ.

ಅದಕ್ಕೂ ಮೊದಲು ಡಿಕ್ಕಿ ಖಾಲಿ ಮಾಡಿ. ಸ್ಟೆಪ್ನಿ, ಜಾಕಿ, ಪಾನಾ, ಮರೆತುಹೋದ ತೆಂಗಿನಕಾಯಿ ಎಲ್ಲ ಹೊರಗೆ. ಬ್ಯಾಟರಿ ಕ್ಲಾಂಪ್ ಅಲುಗಾಡಿಸಿ, ಸೈಲೆನ್ಸರ್ ತೂಗುವ ರಬ್ಬರ್ ಹರಿದಿದೆಯೇ ನೋಡಿ. ಆಮೇಲೆ ಅದೇ ರಸ್ತೆಯಲ್ಲಿ ಬ್ರೇಕ್ ಪೆಡಲನ್ನು ಹಗುರಾಗಿ ಒತ್ತಿಕೊಂಡು ಹೋಗಿ. ಸದ್ದು ನಿಂತರೆ ಸಸ್ಪೆನ್ಷನ್ ಬಿಚ್ಚುವ ಅಗತ್ಯವಿಲ್ಲ, ಬ್ರೇಕ್ ಪ್ಯಾಡೋ ಕ್ಯಾಲಿಪರ್ ಪಿನ್ನೋ ಸಡಿಲವಾಗಿದೆ.

‘ಸ್ಟೀರಿಂಗ್ ತಿರುಗಿಸಿದಾಗ ಸದ್ದು ಬಂದರೆ ರ‍್ಯಾಕ್ ಬದಲಿಸಬೇಕು’

ಇದು ಜೇಬಿಗೆ ಅತಿ ಭಾರವಾದ ತಪ್ಪು ನಂಬಿಕೆ. ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ಸರಳೇ ರ‍್ಯಾಕ್. ಸ್ಟೀರಿಂಗ್ ಜೊತೆ ಬರುವ ಸದ್ದುಗಳಲ್ಲಿ ರ‍್ಯಾಕಿನದ್ದಲ್ಲದವೇ ಬಹಳ.

ಕಾರು ನಿಂತಿದೆ, ಚಕ್ರ ತಿರುಗಿಸಿದರೆ ‘ಟಣ್’ ಎಂದು ಸ್ಪ್ರಿಂಗ್ ಸಿಡಿದಂತೆ ಸದ್ದು. ಇದು ಸ್ಟ್ರಟ್ಟಿನ (ಶಾಕ್, ಸ್ಪ್ರಿಂಗ್ ಒಟ್ಟಾಗಿ ಕೂತ ಕಂಬ) ಮೇಲ್ತುದಿಯ ಮೌಂಟ್ ಅಥವಾ ಅದರ ಬೇರಿಂಗಿನ ಕೆಲಸ. ಬೇರಿಂಗ್ ಹಿಡಿದುಕೊಂಡಾಗ ಸ್ಪ್ರಿಂಗ್ ತಿರುಚಿ, ತಡೆಯಲಾರದೆ ಜಿಗಿಯುತ್ತದೆ. ಒಬ್ಬರು ಸ್ಟೀರಿಂಗ್ ನಿಧಾನವಾಗಿ ತಿರುಗಿಸುವಾಗ ಇನ್ನೊಬ್ಬರು ಸ್ಪ್ರಿಂಗಿನ ಹೊರಮೈಗೆ ಬೆರಳ ತುದಿ ಮುಟ್ಟಿಸಿದರೆ ಆ ಜಿಗಿತ ತಿಳಿಯುತ್ತದೆ. ಬೆರಳನ್ನು ಸುರುಳಿಗಳ ನಡುವೆ ಮಾತ್ರ ಹಾಕಬೇಡಿ.

ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ‘ಟಕ್ ಟಕ್ ಟಕ್’ ಎಂದು ಚಕ್ರದ ಲಯಕ್ಕೆ ಸರಿಯಾಗಿ ಬಂದರೆ ಅದು ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ಬೂಟು ಹರಿದು ಗ್ರೀಸು ಚಕ್ರದ ಒಳಬದಿಗೆ ಸಿಡಿದಿರುವುದೂ ಕಾಣುತ್ತದೆ. ಓಮ್ನಿಯಲ್ಲಿ ಈ ಮಾತೇ ಬರುವುದಿಲ್ಲ, ಅದರ ಎಂಜಿನ್ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ಓಮ್ನಿ ಗೇರಿಗೆ ಹಾಕಿ ಹೊರಡುವಾಗ ‘ಠಣ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನೋಡಿ, ಹಿಂಬದಿಯ ಕಟಕಟಕ್ಕೆ ಪಟ್ಟಿ ಸ್ಪ್ರಿಂಗಿನ ಬುಷ್ ನೋಡಿ.

ಸಣ್ಣ ಜಲ್ಲಿಯ ರಸ್ತೆಯಲ್ಲಿ ಕೈಗೇ ತಾಗುವ ಟಕಟಕವಾದರೆ ಆಗ ಸ್ಟೀರಿಂಗ್ ಸರಣಿಯನ್ನು ಹುಡುಕಬೇಕು. ಇದಕ್ಕೆ ಇಬ್ಬರು ಸಾಕು, ಯಂತ್ರ ಬೇಡ. ಕಾರು ಸಮತಟ್ಟು ನೆಲದ ಮೇಲೆ ನಾಲ್ಕೂ ಚಕ್ರ ಊರಿ ನಿಂತಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಒಬ್ಬರು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಎರಡೇ ಬೆರಳಿನಷ್ಟು ಬೇಗಬೇಗ ಅಲುಗಿಸಲಿ. ಇನ್ನೊಬ್ಬರು ಟೈ ರಾಡ್ ಎಂಡ್, ರ‍್ಯಾಕ್ ಎಂಡ್, ಕೊನೆಗೆ ಪೆಡಲ್‌ಗಳ ಬಳಿಯ ಸ್ಟೀರಿಂಗ್ ಕಾಲಮ್ಮಿನ ಕ್ರಾಸ್ ಹೀಗೆ ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಲಿ. ಸವೆದ ಕೀಲು ಅಂಗೈಯಲ್ಲಿ ಮಿಡಿಯುತ್ತದೆ. ಎಲ್ಲವೂ ಸರಿಯಿದ್ದು ರ‍್ಯಾಕಿನ ಮೈಯೇ ಮಿಡಿದರೆ ಆಗ ಮಾತ್ರ ರ‍್ಯಾಕ್. ಅಲ್ಲೂ ಒಮ್ಮೊಮ್ಮೆ ಒಳಗಿನ ಬುಷ್ ಬದಲಿಸಿದರೆ ಸಾಕಾಗುತ್ತದೆ. ರ‍್ಯಾಕಿನ ಅಡ್ಜಸ್ಟ್ ನಟ್ಟು ಬಿಗಿದು ಸದ್ದು ಅಡಗಿಸುವ ರೂಢಿ ಇದೆ. ಅತಿಯಾಗಿ ಬಿಗಿದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಸೊರಬದಿಂದ ಸಾಗರದ ಕಡೆಗಿನ ತಿರುವುಗಳಲ್ಲಿ ಅಂಥ ಕಾರು ಓಡಿಸುವುದು ಅಪಾಯ.

‘ಸದ್ದು ಸಣ್ಣದು, ಇನ್ನೊಂದು ವರ್ಷ ಓಡುತ್ತದೆ’

ಈ ನಂಬಿಕೆಯ ಬಗ್ಗೆ ನನಗೆ ನಿಜವಾದ ಭಯವಿದೆ. ಲಿಂಕ್ ರಾಡ್ ಊರೆಲ್ಲ ಕೇಳುವಂತೆ ಬಡಿದುಕೊಂಡರೂ ಚಕ್ರ ಕಳಚುವುದಿಲ್ಲ. ಬಾಲ್ ಜಾಯಿಂಟ್ ಹಾಗಲ್ಲ. ಲೋವರ್ ಆರ್ಮಿನ ತುದಿಯಲ್ಲಿ, ಸೊಂಟದ ಕೀಲಿನಂತೆ ಬಟ್ಟಲೊಳಗೆ ಗುಂಡು ಕೂತು, ಚಕ್ರವನ್ನು ಹಿಡಿದಿರುವುದು ಅದು. ಸವೆಯುತ್ತಾ ಹೋಗಿ ಒಂದು ದಿನ ಗುಂಡು ಬಟ್ಟಲಿನಿಂದ ಹೊರಬಂದರೆ ಚಕ್ರ ಹೊರಕ್ಕೆ ಮಡಚಿಕೊಂಡು ಕಾರಿನ ಮೂತಿ ನೆಲಕ್ಕೆ ಕುಸಿಯುತ್ತದೆ, ಸ್ಟೀರಿಂಗ್ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಅದಕ್ಕೆ ಮೊದಲು ಅದು ಮಾಡುವ ಸದ್ದು ತೀರಾ ಮೆತ್ತಗಿರಬಹುದು, ಮಳೆಗಾಲದಲ್ಲಿ ನೀರು ಕೆಸರು ತುಂಬಿ ಇನ್ನೂ ಅಡಗಬಹುದು. ಟೈ ರಾಡ್ ಎಂಡ್ ಕೂಡ ಇದೇ ಗುಂಪಿನದು.

ಪರೀಕ್ಷೆ ಕಷ್ಟವಲ್ಲ. ಜಾಕಿಯನ್ನು ಬಾಡಿಯ ನಿಗದಿತ ಜಾಗಕ್ಕೆ ಕೊಟ್ಟು ಮುಂದಿನ ಚಕ್ರ ಎತ್ತಿ. ಗಡಿಯಾರದ 12 ಮತ್ತು 6 ಇರುವ ಜಾಗದಲ್ಲಿ ಟೈರು ಹಿಡಿದು ಒಳಗೂ ಹೊರಗೂ ಅಲುಗಿಸಿ. ಪ್ಲೇ, ಅಂದರೆ ಸಡಿಲ ಅಲುಗಾಟ, ಇದ್ದರೆ ಒಬ್ಬರು ಬ್ರೇಕ್ ಒತ್ತಿಕೊಂಡಿರಲಿ, ಮತ್ತೆ ಅಲುಗಿಸಿ. ಪ್ಲೇ ಹೋದರೆ ಅದು ವೀಲ್ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. ಮತ್ತೆ 9 ಮತ್ತು 3ರ ಜಾಗ ಹಿಡಿದು ಅಲುಗಿಸಿ, ಅಲ್ಲಿ ಮಾತ್ರ ಪ್ಲೇ ಕಂಡರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್. ಬರೀ ಜಾಕಿಯ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕಲೇಬಾರದು. ಜಂಬಿಟ್ಟಿಗೆ, ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೊಟ್ಟು ನಿಲ್ಲಿಸುವುದೂ ಬೇಡ. ಒಂದೇ ಜಾಗದಲ್ಲಿ ಭಾರ ಬಿದ್ದರೆ ಅವು ಸೂಚನೆ ಕೊಡದೆ ಸೀಳುತ್ತವೆ. ಕಬ್ಬಿಣದ ಸ್ಟ್ಯಾಂಡೇ ಬೇಕು.

ಬಾಲ್ ಜಾಯಿಂಟ್ ಬಟ್ಟಲಿಗೆ ವೆಲ್ಡಿಂಗ್ ಹೊಡೆದು ಪ್ಲೇ ತೆಗೆಯುತ್ತೇವೆ ಎನ್ನುವವರಿದ್ದಾರೆ. ಬೆಸುಗೆಯ ಬಿಸಿಗೆ ಒಳಗಿನ ಪ್ಲಾಸ್ಟಿಕ್ ಪದರ ಕರಗುತ್ತದೆ, ಗ್ರೀಸು ಸುಡುತ್ತದೆ, ಉಕ್ಕಿನ ಬಲವೂ ಹೋಗುತ್ತದೆ. ಇದಕ್ಕೆ ಒಪ್ಪಬೇಡಿ.

‘ಆಯಿಲ್ ಹೊಡೆದರೆ ಸರಿಹೋಗುತ್ತದೆ’

ಹೋಗುತ್ತದೆ, ಕೆಲವು ದಿನ. ಮಳೆಗಾಲಕ್ಕೆ ಮೊದಲು ತುಕ್ಕು ಹಿಡಿಯದಿರಲೆಂದು ಕೆಲವರು ಹಳೆಯ ಎಂಜಿನ್ ಆಯಿಲನ್ನು ಕಾರಿನ ಅಡಿಗೆಲ್ಲ ಸಿಂಪಡಿಸುತ್ತಾರೆ. ತಗಡಿಗೆ ಅದರಿಂದ ಏನೇ ಲಾಭವಾಗಲಿ, ರಬ್ಬರ್ ಬುಷ್ ಆ ಎಣ್ಣೆ ಕುಡಿದು ಉಬ್ಬಿ, ಮೆತ್ತಗಾಗಿ, ಹರಿಯುತ್ತದೆ. ಹಾಗೆಯೇ ವೀಲ್ ಅಲೈನ್‌ಮೆಂಟಿನಿಂದ ಸದ್ದು ಹೋಗುತ್ತದೆ ಎಂಬುದೂ ಸುಳ್ಳು. ಅಲೈನ್‌ಮೆಂಟ್ ಚಕ್ರದ ಕೋನ ಸರಿಮಾಡುತ್ತದೆ, ಸವೆದ ಕೀಲನ್ನಲ್ಲ. ಪ್ಲೇ ಇರುವ ಕಾರಿಗೆ ಮಾಡಿಸಿದರೆ ಗ್ಯಾರೇಜಿನ ಗೇಟು ದಾಟುವಷ್ಟರಲ್ಲಿ ಕೋನ ಮತ್ತೆ ಬದಲಾಗಿರುತ್ತದೆ. ಮೊದಲು ಕೀಲು, ಆಮೇಲೆ ಅಲೈನ್‌ಮೆಂಟ್.

‘ಹೊಸ ಬುಷ್ ಬೇಗ ಹರಿದರೆ ಮಾಲು ಡೂಪ್ಲಿಕೇಟ್’

ಎಷ್ಟೋ ಸಲ ಮಾಲು ಒರಿಜಿನಲ್ಲೇ, ಬಿಗಿದ ರೀತಿ ತಪ್ಪು. ಲೋವರ್ ಆರ್ಮಿನ ರಬ್ಬರ್ ಬುಷ್ ಉಜ್ಜಿಕೊಂಡು ತಿರುಗುವುದಿಲ್ಲ. ಒಳಗಿನ ಹೊರಗಿನ ಲೋಹದ ಕೊಳವೆಗಳಿಗೆ ಅಂಟಿಕೊಂಡ ರಬ್ಬರು ತಿರುಚಿಕೊಂಡು, ಮತ್ತೆ ಸಡಿಲವಾಗಿ ಕೆಲಸ ಮಾಡುತ್ತದೆ. ಕಾರು ಜಾಕಿಯ ಮೇಲಿದ್ದು ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ, ಕೆಳಗಿಳಿಸಿದ ಗಳಿಗೆಯಿಂದ ಆ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ, ನಿಂತ ಕಾರಿನಲ್ಲೂ. ಮೇಲೆ ಎತ್ತಿದಾಗ ಬೋಲ್ಟನ್ನು ಕೈಬಿಗಿ ಮಾಡಿ, ಕಾರನ್ನು ಇಳಿಸಿ, ಎರಡು ಸಲ ಬಾನೆಟ್ ಒತ್ತಿ ಕೂರಿಸಿ, ಭಾರವೆಲ್ಲ ಚಕ್ರದ ಮೇಲಿರುವಾಗಲೇ ಕೊನೆಯ ಬಿಗಿತ ಕೊಡಿ ಎಂದು ಮೆಕ್ಯಾನಿಕ್‌ಗೆ ಹೇಳಿ, ಅಲ್ಲೇ ನಿಂತು ಮಾಡಿಸಿ. ಇದಕ್ಕೆ ಹೆಚ್ಚಿಗೆ ತಗಲುವುದು ಹತ್ತು ನಿಮಿಷ ಅಷ್ಟೇ.