ಚಕ್ರಗಳ ನೇರವೂ ಅದನ್ನು ಅಳೆಯುವ ಯಂತ್ರವೂ

ಕೋನಮಾಪಕವೆಂದರೆ ಪರೀಕ್ಷೆ ಮುಗಿದೊಡನೆ ಪೆಟ್ಟಿಗೆಯೊಳಗೆ ಸೇರಿಸಿಬಿಡತಕ್ಕ ವಸ್ತುವೆಂದು ನಮ್ಮ ಹುಡುಗಿಯರಲ್ಲಿ ಅನೇಕರು ಎಣಿಸುತ್ತಾರೆ. ಆದರೆ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ತಾವೇ ಕಾರು ನಡೆಸುವವರು. ಪೋಷಕರಲ್ಲಿ ಬಹುಮಂದಿ ಮಕ್ಕಳನ್ನು ದಿನವೂ ವಾಹನದಲ್ಲಿ ಶಾಲೆಗೆ ಕಳುಹಿಸುವವರು. ಆದಕಾರಣ ಒಂದು ಡಿಗ್ರಿಯ ಕೋನವು ಮೋಟಾರು ವಾಹನದಲ್ಲಿ ಏನು ಮಾಡಬಲ್ಲುದೆಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಚಕ್ರಗಳನ್ನು ಮೇಲಿನಿಂದ ನೋಡುವಾಗ ಅವು ಒಳಮುಖವಾಗಿಯೋ ಹೊರಮುಖವಾಗಿಯೋ ತಿರುಗಿರುವುದಕ್ಕೆ ಟೋ ಎಂದೂ, ಎದುರಿನಿಂದ ನೋಡುವಾಗ ವಾಲಿರುವುದಕ್ಕೆ ಕ್ಯಾಂಬರ್ ಎಂದೂ ಹೆಸರು. ಮೂರನೆಯದಾದ ಕ್ಯಾಸ್ಟರಿನ ಮಾತು ಇಲ್ಲಿ ಬೇಡ. ಇವುಗಳಲ್ಲಿ ಟೈರನ್ನು ಬೇಗನೆ ತಿನ್ನುವುದು ಟೋ. ಒಂದು ಚಕ್ರವು ತಾನು ಸಾಗುವ ದಿಕ್ಕಿಗೆ ಅರ್ಧ ಡಿಗ್ರಿ ಓರೆಯಾಗಿದೆಯೆನ್ನೋಣ. ಲೆಕ್ಕ ಹಾಕಿದರೆ, ಅದು ಒಂದು ಕಿಲೋಮೀಟರು ಉರುಳುವಷ್ಟರಲ್ಲಿ ಸುಮಾರು 8.7 ಮೀಟರು ಪಕ್ಕಕ್ಕೆ ಎಳೆಯಲ್ಪಟ್ಟಂತಾಗುತ್ತದೆ! ಓರೆಯು ಕಣ್ಣಿಗೆ ಕಾಣದು. ಟೈರಿನ ಅಂಚು ಮಾತ್ರ ಸವೆಯುತ್ತಾ ಹೋಗುವುದು. ಸವೆದ ಟೈರು ಮಳೆಗಾಲದಲ್ಲಿ ರಸ್ತೆಯನ್ನು ಬಿಗಿಯಾಗಿ ಹಿಡಿಯಲಾರದು.

ಹಿಂದೆ ಕಸುಬುದಾರರು ಚಕ್ರಗಳ ಪಕ್ಕದಲ್ಲಿ ನೂಲು ಎಳೆದು ಅಳೆಯುತ್ತಿದ್ದರು. ನುರಿತ ಕೈಗೆ ಅದು ಅಸಾಧ್ಯವೇನಲ್ಲ. ಆದರೆ ಕಾರ್ಖಾನೆಯಲ್ಲಿ ಒಂದರ ಹಿಂದೊಂದು ವಾಹನವು ಬರುತ್ತಿರಲಾಗಿ ಅಷ್ಟು ವ್ಯವಧಾನವೆಲ್ಲಿ? ಈಗ ಸಿದ್ಧವಾದ ವಾಹನವನ್ನು ಉರುಳೆಗಳ ಮೇಲೆ ನಿಲ್ಲಿಸಿ ಚಕ್ರಗಳನ್ನು ತಿರುಗಿಸುತ್ತಾರೆ. ಲೇಸರ್ ಬೆಳಕಿನ ಗೆರೆಗಳು ಟೈರಿನ ಪಕ್ಕದ ಮೇಲೆ ಬೀಳುತ್ತವೆ. ಗೆರೆಗಳು ಬಾಗಿದ ರೀತಿಯನ್ನು ಕ್ಯಾಮೆರಾಗಳು ಕಂಡು, ಗಣಕಯಂತ್ರವು ಚಕ್ರದ ಓರೆಯನ್ನು ಲೆಕ್ಕಹಾಕುವುದು. ಟೈರಿನ ಮೇಲಿನ ಉಬ್ಬುತಗ್ಗುಗಳಿಂದ ಮೋಸಹೋಗದಂತೆ ಒಂದು ಸುತ್ತಿನ ಅನೇಕ ಅಳತೆಗಳ ಸರಾಸರಿಯನ್ನು ತೆಗೆಯುತ್ತದೆ. ಬಳಿಕ ಕೆಲಸಗಾರನಾಗಲಿ ಯಂತ್ರದ ಕೈಯಾಗಲಿ ಟೈ ರಾಡ್ ಎಂಬ ಸರಳನ್ನು ತಿರುಗಿಸಿ, ಅಳತೆ ಸರಿಹೊಂದಿದೊಡನೆ ನಟ್ಟನ್ನು ಬಿಗಿಮಾಡುವನು.

ನಮ್ಮ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಇದರ ಮುಂದಿನ ಪ್ರಯೋಜನ. ಅಳತೆಗಳೆಲ್ಲ ದಾಖಲೆಯಲ್ಲಿ ಉಳಿಯುವುದರಿಂದ, ಸಾಲಾಗಿ ಬಂದ ವಾಹನಗಳು ಒಂದೇ ಕಡೆಗೆ ಓರೆಯಾಗುತ್ತಿದ್ದರೆ ಹಿಂದಿನ ಯಾವುದೋ ಹಂತದಲ್ಲಿ, ಬೆಸುಗೆ ಹಾಕುವಲ್ಲಿಯೋ ಜೋಡಿಸುವಲ್ಲಿಯೋ, ದೋಷ ಹುಟ್ಟಿದೆಯೆಂದು ತಿಳಿಯಬಹುದು. ಒಬ್ಬಳ ತಪ್ಪನ್ನು ತಿದ್ದುವುದು ಬೇರೆ. ಇಡೀ ತರಗತಿ ಒಂದೇ ತಪ್ಪು ಮಾಡಿದರೆ ಉಪಾಧ್ಯಾಯಿನಿಯು ತನ್ನ ಪಾಠವನ್ನೇ ಪರಿಶೀಲಿಸತಕ್ಕದ್ದು.

ಈಚಿನ ಕೆಲವು ಕಾರುಗಳ ಮುಂಗಾಜಿನ ಹಿಂದೆ ಒಂದು ಕ್ಯಾಮೆರಾ ಇರುತ್ತದೆ. ಅಡ್ಡಿ ಕಂಡರೆ ವಾಹನವು ತಾನಾಗಿಯೇ ಬ್ರೇಕು ಹಾಕುವುದು. ಆ ಕ್ಯಾಮೆರಾ ಒಂದು ಡಿಗ್ರಿ ಪಕ್ಕಕ್ಕೆ ತಿರುಗಿದ್ದರೆ, 50 ಮೀಟರು ದೂರದ ವಸ್ತುವು ಸುಮಾರು 87 ಸೆಂಟಿಮೀಟರು ಸರಿದಂತೆ ತೋರುವುದು. ರಸ್ತೆಯ ಅಂಚಿನಲ್ಲಿ ಸೈಕಲ್ ತುಳಿಯುತ್ತಿರುವ ಮಗುವು ದಾರಿಯೊಳಗಿದೆಯೋ ಹೊರಗಿದೆಯೋ ಎಂಬುದು ಅಷ್ಟರಲ್ಲಿಯೇ ನಿರ್ಣಯವಾಗುತ್ತದೆ. ಹಿಂದಿನ ಚಕ್ರಗಳು ಓರೆಯಾಗಿದ್ದರೆ ಕಾರು ಏಡಿಯಂತೆ ಸಾಗುವುದರಿಂದ, ಮೊದಲು ಚಕ್ರಗಳನ್ನು ನೋಡಿ, ಆಮೇಲೆ ಕ್ಯಾಮೆರಾವನ್ನು ಹೊಂದಿಸುತ್ತಾರೆ.

ಕಾರ್ಖಾನೆಯಲ್ಲಿ ಹೊಂದಿಸಿದ ನೇರವು ನಮ್ಮ ಹೊಂಡಬಿದ್ದ ರಸ್ತೆಗಳಲ್ಲಿ ಚಿರಕಾಲ ಉಳಿಯದು. ಜೋರಾದ ಪೆಟ್ಟು ಬಿದ್ದ ಮೇಲೆ, ಅಥವಾ ನೇರ ರಸ್ತೆಯಲ್ಲಿಯೂ ಸ್ಟಿಯರಿಂಗ್ ಒಂದು ಕಡೆಗೆ ಎಳೆಯುತ್ತಿದ್ದರೆ, ವೀಲ್ ಅಲೈನ್‌ಮೆಂಟ್ ಮಾಡಿಸಿ, ಮೊದಲಿನ ಅಳತೆ ಮತ್ತು ತಿದ್ದಿದ ಮೇಲಿನ ಅಳತೆ ಎರಡೂ ಇರುವ ಕಾಗದವನ್ನು ಕೇಳಿ ಪಡೆಯಿರಿ. ಕ್ಯಾಮೆರಾ ಇರುವ ಕಾರಿನ ಮುಂಗಾಜನ್ನು ಬದಲಾಯಿಸಿದಾಗಲೂ ಅದನ್ನು ಮತ್ತೆ ಹೊಂದಿಸಿದರೇ ಎಂದು ವಿಚಾರಿಸಿರಿ.