ಫ್ಯಾಂಟಮ್‌ನ ಕಣ್ಣು ನೋಡ್ರಿ

ಮಳಖೇಡದಾಗ ಯಾರದಾದ್ರೂ ಹಳೆ ಮನ್ಯಾಗ ‘ಸುಧಾ’ ವಾರಪತ್ರಿಕೆಯ ಕಟ್ಟು ಸಿಕ್ಕರ ರದ್ದಿಗೆ ಹಾಕಬ್ಯಾಡ್ರಿ. ಮುಖವಾಡದ ವೀರ ಫ್ಯಾಂಟಮ್‌ನ ಚಿತ್ರಕತೆಯ ಪುಟ ತೆಗೀರಿ.

ಮೊದಲು ಕಣ್ಣು ನೋಡ್ರಿ. ಮುಖವಾಡದೊಳಗ ಬರೀ ಬಿಳುಪು, ಕಣ್ಣಪಾಪೆಯೇ ಇಲ್ಲ! ಕತೆಗಾರ ಲೀ ಫಾಕ್‌ಗೆ ಇದು ಹೊಳೆದದ್ದು ಗ್ರೀಕ್ ಶಿಲಾಮೂರ್ತಿಗಳಿಂದ. ಮಳಖೇಡದ ನೇಮಿನಾಥ ಬಸದಿ ನೋಡಿ ಬೆಳೆದ ನಮಗ ಕಲ್ಲಿನ ಮುಖದ ಗಾಂಭೀರ್ಯ ಹೊಸದೇನಲ್ಲ.

1936ರಲ್ಲಿ ಅಮೆರಿಕದ ದಿನಪತ್ರಿಕೆಗಳಲ್ಲಿ ಈ ಚಿತ್ರಕತೆ ಶುರುವಾದಾಗ ಎಲ್ಲಾ ಕಪ್ಪು-ಬಿಳುಪು. ಫಾಕ್ ಮನಸ್ಸಿನಾಗ ಇದ್ದದ್ದು ಬೂದು ಬಣ್ಣದ ಉಡುಪು. 1939ರಲ್ಲಿ ಭಾನುವಾರದ ಬಣ್ಣದ ಪುಟ ಬಂತು, ಉಡುಪು ನೇರಳೆಯಾಗಿ ಅಚ್ಚಾಯ್ತು. ಹಂಗೇ ಉಳೀತು.

ನನಗಂತೂ ಚಿತ್ರಕಾರ ಸೈ ಬ್ಯಾರಿ ಬರೆದ ಕಾಲದ ಚಿತ್ರಗಳೇ ಬಲು ಇಷ್ಟ. 1961ರಿಂದ 1994ರ ತನಕ ಬರೆದವರು ಅವರು. ಕಾಡಿನ ಕತ್ತಲಿಗೆ ಗಟ್ಟಿ ಕಪ್ಪು ಶಾಯಿ, ಅದರ ನಡುವೆ ಒಂದೇ ಒಂದು ಬೆಳಕಿನ ಅಂಚು. ಅಷ್ಟರಲ್ಲೇ ಕುದುರೆ ಓಡೋದು ಕಾಣಿಸ್ತದ. ಅಂಗೈಗಿಂತ ಸಣ್ಣ ಚೌಕ; ಅದರಾಗ ಗುಡ್ಡ, ಗವಿ, ತೋಳ, ಮಾತಿನ ಗುಳ್ಳೆ, ಎಲ್ಲಕ್ಕೂ ಜಾಗ ಬೇಕು. ಯಾವುದನ್ನ ಬಿಡಬೇಕು ಅನ್ನೋದರಾಗೇ ಕಲಾವಿದನ ಕಸುಬು ಅದ.

ಕೊನೆಯ ಚೌಕವನ್ನೂ ಬಿಡದೆ ನೋಡ್ರಿ: ಬಾಗಿಲು ಅರ್ಧ ತೆರೆದಿರ್ತದ, ಒಳಗ ಯಾರು ಅಂತ ತಿಳಿಯೋಕೆ ಮುಂದಿನ ವಾರದ ಸಂಚಿಕೆನೇ ಬರಬೇಕಿತ್ತು.